ನಾನು ನೋಡದ ಸ್ಲೈಡ್

ಮಾರ್ಚ್ ೧೨, ಗುರುವಾರ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ಆಶೀರ್ವಾದ. ಪತ್ರ ತಡವಾಯಿತು, ಮುನಿಸಿಕೊಳ್ಳಬೇಡ. ಅಳಿಯಂದಿರಿಗೆ ಕ್ಯಾನ್ಸರ್ ಇಲ್ಲ ಎಂದು ಹೋದ ವಾರ ಫೋನಿನಲ್ಲಿ ಹೇಳಿದಾಗ ನೀನು ಅಳುತ್ತ ನಕ್ಕೆ, ನಗುತ್ತ ಮತ್ತೆ ಅತ್ತೆ. ಆಮೇಲೆ, “ಸ್ಲೈಡುಗಳನ್ನ ನಿನಗೇ ಅಂತ ಕಳಿಸಿದ್ದೆ. ನೀನೇ ಯಾಕಮ್ಮ ನೋಡ್ಲಿಲ್ಲ?” ಎಂದು ಕೇಳಿದೆ. ಒಲೆಯ ಮೇಲೆ ಹಾಲಿದೆ ಎಂದು ನಾನು ಫೋನ್ ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ.

ಅವರ ಕುತ್ತಿಗೆಯಿಂದ ತೆಗೆದ ದುಗ್ಧರಸ ಗ್ರಂಥಿಯ ಸ್ಲೈಡುಗಳು ಬಂದ ದಿನವೇ ನಮ್ಮ ಲ್ಯಾಬಿನ ಆಮೆ ಮಾಮನ ಕೈಗೆ ಕೊಟ್ಟೆ. ಚಿಕ್ಕವಳಿದ್ದಾಗ ಅವರಿಗೆ ಆ ಹೆಸರಿಟ್ಟವಳು ನೀನೇ. ಈಗಲೂ ಹಾಗೇ ಇದ್ದಾರೆ. ರೋಗಿಯ ಹೆಸರು ಕಾಣದಂತೆ ಪ್ಲಾಸ್ಟರ್ ಅಂಟಿಸಿ ಮೊದಲು ಸ್ಲೈಡ್ ನೋಡುತ್ತಾರೆ, ಆಮೇಲೆ ರೋಗಿಯ ಫಾರಂ ಓದುತ್ತಾರೆ, ಓದಿ ಮತ್ತೆ ಸ್ಲೈಡ್ ನೋಡುತ್ತಾರೆ. ನಿಮ್ಮ ಆಸ್ಪತ್ರೆಯ ಹಿರಿಯರು ಗ್ರಂಥಿಯ ಕ್ಯಾನ್ಸರ್, ಲಿಂಫೋಮಾ ಎಂದು ಅನುಮಾನಪಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ನೋಟಕ್ಕೆ ಹಾಗೆಯೇ ಇದೆ ಎಂದರು. ಸೋಮವಾರವೇ ಕೀಮೋ ಶುರುವಂತೆ ಎಂದು ನಾನು ಅವರ ತಲೆ ತಿಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಫಾರಂ ನನ್ನ ಮುಂದಿಟ್ಟು, “ಯಾವ ಮಾತ್ರೆ ತಗೋತಿದ್ದಾರೆ ಅನ್ನೋ ಜಾಗ ಖಾಲಿ ಬಿಟ್ಟಿದ್ದಾರೆ. ಅದು ತುಂಬೋವರೆಗೂ ನಾನೇನೂ ಬರೆಯಲ್ಲ” ಎಂದರು.

ಆ ಫಾರಂ ತುಂಬಿದವಳು ನೀನು, ಜಾಣೆ. ಆಸ್ಪತ್ರೆಯ ಕಾಗದ ಆಫೀಸಿಗೂ ಹೋಗುತ್ತದೆ, ಫಿಟ್ಸ್ ಮಾತ್ರೆಯ ವಿಷಯ ಬರೆಯಬೇಡ ಎಂದು ಗಂಡ ಬೇಡಿಕೊಂಡನಂತೆ, ಹೆಂಡತಿ ಕರಗಿಹೋದಳಂತೆ. ಡಾಕ್ಟರಮ್ಮ ಎಲ್ಲಿಗೆ ಹೋಗಿದ್ದಳು? ನೀನೂ ನನ್ನ ಕಸುಬಿನವಳೇ. ಆ ಮಾತ್ರೆಯಿಂದಲೂ ಗ್ರಂಥಿ ಹೀಗೆ ಊದಿಕೊಂಡು ಕ್ಯಾನ್ಸರಿನಂತೆ ಕಾಣಬಹುದು ಎಂದು ಊಟದ ತಟ್ಟೆಯ ಮುಂದೆ ಕೂರಿಸಿಕೊಂಡು ನಿನಗೆ ಪಾಠ ಹೇಳಿದ್ದೆ. ನಿನ್ನಿಂದ ವಿಷಯ ತಿಳಿದ ಮೇಲೂ ಆಮೆ ಮಾಮ ಅವಸರಪಡಲಿಲ್ಲ. ಇನ್ನಷ್ಟು ಪರೀಕ್ಷೆ ಮಾಡಿಸಿ, ಇನ್ನೊಬ್ಬರ ಕಣ್ಣಿಗೂ ತೋರಿಸಿ, ಆಮೇಲಷ್ಟೇ ಸಹಿ ಹಾಕಿದರು.

ನರರೋಗದ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಬೇರೆಯದನ್ನು ಅವರೇ ಕೊಡಲಿ. ಊತ ಪೂರ್ತಿ ಇಳಿಯುವವರೆಗೆ ತಿಂಗಳಿಗೊಮ್ಮೆ ತೋರಿಸಿ. ಅಳಿಯಂದಿರ ಮೇಲೆ ನನಗೆ ಕೋಪವಿಲ್ಲ ಎಂದು ಹೇಳು. ಸ್ವಲ್ಪ ಇದೆ, ಅದನ್ನು ಹೇಳಬೇಡ. ಇಬ್ಬರೂ ನೂರು ಕಾಲ ಜಗಳವಾಡಿಕೊಂಡು ಸುಖವಾಗಿರಿ.

ಇಂತಿ ನಿನ್ನ
ಅಮ್ಮ

ತಾ.ಕ.: ಹಾಲಿನ ನೆಪ ಹೇಳಿ ತಪ್ಪಿಸಿಕೊಂಡ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಿನ್ನ ಅಪ್ಪನ ಕಾಯಿಲೆ ತಡವಾಗಿ ಗೊತ್ತಾಯಿತು, ಅದಕ್ಕೇ ಉಳಿಯಲಿಲ್ಲ ಎಂದು ಇಷ್ಟು ವರ್ಷ ಹೇಳುತ್ತ ಬಂದೆ. ಅವರ ಕುತ್ತಿಗೆಯ ಗ್ರಂಥಿಯ ಸ್ಲೈಡನ್ನು ಮೊದಲು ನೋಡಿದವಳು ನಾನು. ಯಾರ ಕೈಗೂ ಕೊಡದೆ ನಾನೇ ನೋಡಿದೆ. ಟಿ.ಬಿ. ಆದರೆ ವಾಸಿಯಾಗುತ್ತದೆ, ಟಿ.ಬಿ.ಯೇ ಆಗಿರಲಿ ಎಂದು ಮನಸ್ಸು ಬೇಡುತ್ತಿತ್ತು. ಟಿ.ಬಿ. ಎಂದೇ ಬರೆದೆ. ನನ್ನ ಮಾತು ನಂಬಿ ಏಳು ತಿಂಗಳು ಅವರು ಟಿ.ಬಿ. ಮಾತ್ರೆ ನುಂಗಿದರು. ಅದು ಲಿಂಫೋಮಾ ಆಗಿತ್ತು. ಆ ಸ್ಲೈಡ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಈ ಸಲ ಬಂದಾಗ ನೋಡು. ನೋಡಿದ ಮೇಲೂ ನನ್ನನ್ನು ಅಮ್ಮಾ ಎಂದು ಕರೆ.