ತಂತಿ ಕಟ್ಟಿದ ಒಲೆ

ಜೊಹಾನ್ಸ್‌ಬರ್ಗ್
14 ಆಗಸ್ಟ್ 2012

ಪ್ರೀತಿಯ ಅಮ್ಮನಿಗೆ,

ಭೇಕಾನಿ ಅಣ್ಣನ ಗೋರಿ ಸಿಕ್ಕಂತಿದೆ. ಗಡಿಯಾಚೆ, ಗ್ಯಾಬರೋನ್‌ನ ಸ್ಮಶಾನದಲ್ಲಿ. ಹೇಳಿದವರು ಇಲ್ಲಿನ ಮ್ಯೂಸಿಯಮ್ಮಿನ ದಿಕೆಲೆದಿ ಎಂಬಾಕೆ. ಫೋನಿನಲ್ಲಿ ನಿನಗೆ ಅರ್ಧವೇ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕುಳಿತುಕೊಂಡು ಓದು.

ಬಿಳಿಯರ ಸರ್ಕಾರದ ವಿರುದ್ಧದ ನಮ್ಮ ಚಳವಳಿಯ ಪೋಸ್ಟರ್‌ಗಳ ಪ್ರದರ್ಶನಕ್ಕೆ ಶನಿವಾರ ಹೋಗಿದ್ದೆ. ಆಗ ಮನೆಯಲ್ಲಿ ಸಿಕ್ಕರೆ ಜೈಲಾಗುತ್ತಿದ್ದ ಕಾಗದಗಳಿಗೆ ಈಗ ಗಾಜು, ಚೌಕಟ್ಟು, ದೀಪ. ಬಿಗಿದ ಮುಷ್ಟಿ, ಮುರಿದ ಸಂಕೋಲೆಗಳ ನಡುವೆ ಒಂದು ಅಡುಗೆಮನೆಯ ಚಿತ್ರ. ಬಾಗಿಲಲ್ಲಿ ನಾಯಿ ಹಿಡಿದ ಪೊಲೀಸರು, ಕಲ್ಲಿದ್ದಲ ಒಲೆಯ ಮುಂದೆ ನಿಂತ ಹೆಂಗಸು ಸೌಟು ಎತ್ತಿ ಅವರನ್ನು ಬಯ್ಯುತ್ತಿದ್ದಾಳೆ. ಒಲೆಯ ಬಾಗಿಲಿಗೆ ತಂತಿ ಕಟ್ಟಿದೆ, ಮೂರು ಸುತ್ತು, ಕೊನೆಗೊಂದು ಕೊಕ್ಕೆ. ಅಪ್ಪ ಕಟ್ಟಿದ್ದು ಹಾಗೆಯೇ ಅಲ್ಲವೇ?

ಕೈ ತಾನಾಗಿ ಚಾಚಿತು. ಕಾವಲಿನವನು ಓಡಿ ಬಂದ.

"ಮಾ, ಗಾಜು ಮುಟ್ಬೇಡಿ!"

"ಅದು ನಮ್ಮನೆ ಒಲೆ ಕಣಪ್ಪ."

"ಬರೋರೆಲ್ಲ ಹಂಗೇ ಅಂತಾರೆ. ನಿನ್ನೆ ಒಬ್ರು ಆ ಪೊಲೀಸ್ ನಾಯೀನೂ ಗುರ್ತು ಹಿಡಿದ್ರು!"

ನಗು ಬಂತು, ಹಿಂದೆಯೇ ಅಳು. ಅವನೇ ಕುರ್ಚಿ ಕೊಟ್ಟು ದಿಕೆಲೆದಿಯನ್ನು ಕರೆದ.

ಚಳವಳಿಯಲ್ಲಿ ಯಾರೂ ಸ್ವಂತ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಮನೆಯವರಿಗೆ ಅಪಾಯ. ಆ ಚಿತ್ರ ಬಿಡಿಸಿದವನ ನಿಜವಾದ ಹೆಸರು ಆಕೆಗೂ ಗೊತ್ತಿಲ್ಲ. 84ರಲ್ಲಿ ಜ್ವರದಿಂದ ಸತ್ತ, ಜೊತೆಗಾರರೇ ಮಣ್ಣು ಮಾಡಿದರು ಎಂದರು. ಗುಂಡಿನಿಂದ ಅಲ್ಲ ಅಮ್ಮ. ಒಬ್ಬನೇ ಇರಲೂ ಇಲ್ಲ. ನಾವು ಜ್ವಾನೆ, ಜ್ವಾನೆ ಎಂದು ಅಪ್ಪನ ಕುಲದ ಹೆಸರು ಹಿಡಿದು ಕಚೇರಿ ಕಚೇರಿ ಅಲೆದೆವು. ಆ ಹೆಸರಿನವನು ಅಲ್ಲಿ ಇರಲೇ ಇಲ್ಲ.

ಹಿರಿಮಗ ಬರುವವರೆಗೆ ಅಪ್ಪನ ಗೋರಿಕಲ್ಲಿನ ಮುಸುಕು ತೆಗೆಯುವ ಶಾಸ್ತ್ರ ಮಾಡಕೂಡದೆಂದು ನೀನು ಹಟ ಹಿಡಿದೆ. "ಬಿಸಿಲಿಗೆ ಬಟ್ಟೆ ಹರಿಯುತ್ತೆ, ಇವಳ ಹಟ ಹರಿಯಲ್ಲ" ಎಂದು ಅತ್ತೆ ಆಡಿಕೊಂಡರು. ಈಗ ಅಣ್ಣನನ್ನು ಮನೆಗೆ ತರಬಹುದಂತೆ. ತಂದೆ ಮಗ ಇಬ್ಬರ ಕಲ್ಲಿನ ಮುಸುಕನ್ನೂ ಒಟ್ಟಿಗೆ ತೆಗೆಯೋಣ. ಮೊದಲು ಮೂಳೆ ಅವನದೇ ಎಂದು ಖಾತ್ರಿಯಾಗಬೇಕು.

ನಿನ್ನ ಮಗಳು,
ದುದುಜೀಲೆ

ತಾ.ಕ.: ಅವನು ಚಳವಳಿ ಸೇರಲು ಹೊರಟ ದಿನ "ಹೋದ್ರೆ ನನ್ನ ಮಗ ಅಂತ ಎಲ್ಲೂ ಹೇಳ್ಕೋಬೇಡ" ಎಂದು ನೀನು ಬೈದದ್ದು ನನಗೂ ಕೇಳಿಸಿತ್ತು. ಅಲ್ಲಿ ಅವನು ಇಟ್ಟುಕೊಂಡ ಹೆಸರು ಮ್ಬಾಥಾ. ನಿನ್ನ ತವರಿನ ಹೆಸರು. ಗೋರಿಯ ಮೇಲೂ ಅದೇ ಇದೆಯಂತೆ. 28ರ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸರ್ಕಾರದ ನರ್ಸ್ ಮನೆಗೆ ಬಂದು, ಆ ಮೂಳೆಯೊಂದಿಗೆ ಹೋಲಿಸಿ ನೋಡಲು ನಿನ್ನ ಕೆನ್ನೆಯ ಒಳಗೆ ಹತ್ತಿ ಸವರಿ ಎಂಜಲು ತೆಗೆದುಕೊಳ್ಳುತ್ತಾರೆ.