ಅಕ್ಕ ಕೇಳಿದ ಓಪನ್ ಕಾರು

ಶನಿವಾರ, ಮಾರ್ಚ್ ೧೪

ಅಕ್ಕನಿಗೆ ಕಾರು ಕೊಡಿಸಿ ಬಂದೆ. ಊಟ ಸೇರಲಿಲ್ಲ.

ಅವಳು ಮೊದಲು ಇಷ್ಟಪಟ್ಟದ್ದು ಒಂದು ಹಳೆಯ ಕೆಂಪು ಕನ್ವರ್ಟಿಬಲ್, ಟಾಪನ್ನು ಮಡಚಿ ಇಳಿಸುವಂಥದ್ದು. ನಾನು ಗ್ಯಾರೇಜಿನವನು, ಸುಮ್ಮನಿರುವುದು ಹೇಗೆ? ಮಗ್ಗಿನಲ್ಲಿ ನೀರು ತರಿಸಿ ಅದರ ಬಟ್ಟೆಯ ಟಾಪಿನ ಹೊಲಿಗೆಯ ಮೇಲೆ ಸುರಿದೆ. ಸೀಟಿನ ಮೇಲೆ ಎರಡು ಹನಿ ಬಿದ್ದವು.

"ನೋಡು, ಮೊದಲ್ನೇ ಮಳೆಗೇ ಸೋರುತ್ತೆ. ಆ ನೀಲಿ ಕೂಪೆ ತಗೋ. ಓಟದಲ್ಲಿ ಇದಕ್ಕಿಂತ ಏನೂ ಕಮ್ಮಿಯಿಲ್ಲ, ತಲೆ ಮೇಲೆ ಗಟ್ಟಿ ತಗಡಿರುತ್ತೆ," ಎಂದೆ. ಮಾರುವವನ ಮುಖ ಸಣ್ಣಗಾಯಿತು. ನನಗೆ ಗೆದ್ದ ಖುಷಿ.

ಅಕ್ಕ ಕೆಂಪು ಕಾರಿನ ಟಾಪನ್ನು ಇನ್ನೊಂದು ಸಲ ಇಳಿಸಿ ನೋಡಿದಳು. "ನೀನು ಹೇಳಿದ್ಮೇಲೆ ಮುಗೀತು ಬಿಡು," ಎಂದು ನೀಲಿಯದನ್ನೇ ಕೊಂಡಳು.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ನಿಂತಿದ್ದೆವು. "ಹೋದ ವರ್ಷ ಆಸ್ಪತ್ರೇಲಿ ನನ್ನ ಆ ಸ್ಕ್ಯಾನಿಂಗ್ ಮೆಷಿನ್ ಒಳಗೆ ತಳ್ತಿದ್ರಲ್ಲ, ಅದರ ಮೇಲ್ಭಾಗ ಮೂಗಿಗೆ ತಾಗೋ ಹಾಗಿರ್ತಿತ್ತು. ವಾಸಿಯಾದ್ರೆ ತಲೆ ಮೇಲೆ ಏನೂ ಇಲ್ಲದ ಗಾಡಿ ಓಡಿಸ್ಬೇಕು ಅನ್ಕೊಳ್ತಿದ್ದೆ," ಎಂದಳು.

"ಮೊದಲೇ ಹೇಳ್ಬಾರದಿತ್ತಾ ಅಕ್ಕ?"

"ನೀನೆಲ್ಲಿ ಕೇಳ್ದೆ? ನೀರು ಹುಯ್ಯೋದ್ರಲ್ಲೇ ಇದ್ದೆ," ಎಂದು ನಕ್ಕಳು.

ನಗುವ ಬದಲು ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಗ್ಯಾರೇಜಿನ ಹತ್ತಿರ ಇಳಿಸಿ ಹೊರಟಳು. ಕಿಟಕಿಯ ಗಾಜು ಪೂರ್ತಿ ಇಳಿದಿತ್ತು. ಒಂದು ಕೈಯನ್ನು ಹೊರಗೆ, ಟಾಪಿಗಿಂತ ಮೇಲೆ, ಗಾಳಿಗೆ ಚಾಚಿದ್ದಳು.

ಹೊಲಿಗೆ ಸೋರುವುದೇನು ಮಹಾ, ಅರ್ಧ ದಿನದ ಕೆಲಸ. ಕಂಡವರಿಗೆಲ್ಲ ಮಾಡಿಕೊಟ್ಟಿದ್ದೇನೆ. ಅವಳಿಗೆ ಮಾತ್ರ ಮಾಡಿಕೊಡಬಹುದೆಂದು ಹೊಳೆಯಲೇ ಇಲ್ಲ.