ಸಣ್ಣ ಓವನ್

ಅಪ್ಪಾಜಿ,

ಇವತ್ತು ಮಧ್ಯಾಹ್ನ ಹೊಸಕೆರೆಹಳ್ಳಿಯ ನಮ್ಮ ಪೌಡರ್ ಕೋಟಿಂಗ್ ಶೆಡ್ಡಿಗೆ ತಲಘಟ್ಟಪುರದ ಕಡೆಯವನೊಬ್ಬ ಬಂದಿದ್ದ. ಬಣ್ಣದ ಪುಡಿ ಹಚ್ಚಿ ಕಾಯಿಸಿಕೊಳ್ಳಲು ಕಿಟಕಿಯ ಗ್ರಿಲ್ ತಂದಿರಬೇಕು ಅಂದುಕೊಂಡೆ. ಅವನು ಶಟರ್ ಅರ್ಧ ಎಳೆದು, ಉಪ್ಪಿನಕಾಯಿ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲೆ ಸುರಿದ. ಉರುಳಿದ್ದು ಬಂದೂಕಿನ ಸೀಸದ ಗುಂಡುಗಳು.

“ಹಂದಿ ಹೊಡಿಯೋಕೆ ಅಕ್ಕ, ಮನೇಲೇ ಎರಕ ಹೊಯ್ದಿದ್ದು. ನಿಮ್ಮಪ್ಪ ಇದರ ಮೇಲೆ ಹಸಿರು ಬಣ್ಣದ ಪೌಡರ್ ಹಚ್ಚಿ ಆ ಸಣ್ಣ ಓವನ್‌ನಲ್ಲಿ ಕಾಯಿಸಿ ಕೊಡ್ತಿದ್ರು.”

“ಲೈಸೆನ್ಸ್ ಇದ್ಯಾ?”

“ಅವರು ಒಂದಿನಾನೂ ಕೇಳ್ಲಿಲ್ಲ.”

ಹೊರಗೆ ಪೊಲೀಸ್ ಜೀಪೊಂದು ಬಂದು ನಿಂತಿತು. ಅದು ಮತ್ತೆ ಹೊರಡುವವರೆಗೂ ನಾನು ಆ ಗುಂಡುಗಳ ಮೇಲೆ ನ್ಯೂಸ್ ಪೇಪರ್ ಹರಡಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ನಿಮ್ಮ ಹೆಸರು ಹೊರಗೆ ಬರಬಾರದೆಂದು. ಆಮೇಲೆ ಎಲ್ಲವನ್ನೂ ಬಾಚಿ ಡಬ್ಬಿಗೆ ತುಂಬಿ, “ತಗೊಂಡು ಹೋಗಿ, ಇನ್ಮೇಲೆ ಬರ್ಬೇಡಿ” ಎಂದೆ.

ಹೋಗುವ ಮುನ್ನ ಅವನು ಓವನ್ ಬಾಗಿಲು ತೆಗೆದು ನೋಡಿದವನೇ ಬೆಚ್ಚಿಬಿದ್ದ. “ಅಯ್ಯೋ, ಇದ್ರಲ್ಲಿ ಊಟ ಇಟ್ಟಿದ್ದೀರಾ? ಸೀಸ ವಿಷ ಅಕ್ಕ! ನಿಮ್ಮಪ್ಪ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ಐದು ವರ್ಷದ ಹಿಂದೆ ಅದರಲ್ಲಿ ರೊಟ್ಟಿ ಬಿಸಿಗಿಟ್ಟದ್ದಕ್ಕೆ ಕೆಲಸದವರೆದುರು ನನ್ನ ಕೆನ್ನೆಗೆ ಹೊಡೆದಿರಿ, ರೊಟ್ಟಿಯನ್ನು ಚರಂಡಿಗೆ ಎಸೆದಿರಿ, ಅಷ್ಟೇ. ನಾನು ನಿಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟೆ.

ನೀವು ತೀರಿಕೊಂಡು ನಾಲ್ಕು ತಿಂಗಳಾಯಿತು. ಅಂದಿನಿಂದ ದಿನಾ ಮಧ್ಯಾಹ್ನ, ಬರೀ ನಿಮ್ಮ ಮೇಲಿನ ಹಠಕ್ಕೆ, ಅದರಲ್ಲೇ ರೊಟ್ಟಿ ಬಿಸಿ ಮಾಡಿಕೊಂಡು ತಿಂದಿದ್ದೇನೆ.

ಜಯಶೀಲಾ